ಕರೆಂಟ್ ಹೋಗಿ ಬಂದ ಮೇಲೆ ಲಿನಕ್ಸ್ ಸರ್ವಿಸ್‌ಗಳ ಕಡೆ ಒಂದು ಕಣ್ಣಿಡಿ

ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಕರೆಂಟ್ ಕಥೆ ಎಲ್ಲರಿಗೂ ಗೊತ್ತೇ ಇದೆ. ತೋಟದ ಆಫೀಸಿನ ಲಿನಕ್ಸ್ ಮಷೀನ್ ಆನ್ ಆಯ್ತು ಅಂದಮಾತ್ರಕ್ಕೆ ಸರ್ವಿಸ್‌ಗಳೆಲ್ಲ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು) ಎದ್ದಿವೆ ಅಂತಲ್ಲ. ಮೊದಲು ಟರ್ಮಿನಲ್‌ನಲ್ಲಿ ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ಕಮಾಂಡ್ ಕೊಡಿ, ಬಿದ್ದವು ಮಾತ್ರ ಕಾಣುತ್ತವೆ. ಯಾಕೆ ಬಿತ್ತು ಅನ್ನೋದಕ್ಕೆ ‘ಜರ್ನಲ್‌ಸಿಟಿಎಲ್ -ಬಿ -ಯು’ ಜೊತೆಗೆ ಆ ಸರ್ವಿಸ್ ಹೆಸರು.

ಹೆಚ್ಚಿನವರು ಎಡವುವುದು ಇಲ್ಲಿ: ‘ರೀಸ್ಟಾರ್ಟ್=ಆನ್-ಫೇಲ್ಯೂರ್’ (ಬಿದ್ದರೆ ತಾನೇ ಮತ್ತೆ ಶುರುಮಾಡು ಎನ್ನುವ ಸೆಟ್ಟಿಂಗ್) ಹಾಕಿದ್ದರೂ ಸರ್ವಿಸ್ ಸತ್ತೇ ಬಿದ್ದಿರುತ್ತದೆ. ಸಿಸ್ಟಮ್‌ಡಿ, ಅಂದರೆ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರುಮಾಡಿ ನೋಡಿಕೊಳ್ಳುವ ಪ್ರೋಗ್ರಾಂ, ಮಾಮೂಲಾಗಿ ಮರುಪ್ರಯತ್ನಕ್ಕೆ ಮುಂಚೆ ಕಾಯುವುದು ಬರೀ 100 ಮಿಲಿಸೆಕೆಂಡ್. 10 ಸೆಕೆಂಡಿನೊಳಗೆ 5 ಸಲ ಶುರುಮಾಡಿದ ಮೇಲೆ ಕೈಚೆಲ್ಲುತ್ತದೆ. ನೆಟ್ ಬೇಕಾದ ಸರ್ವಿಸ್ ಆದರೆ, ಅಷ್ಟರಲ್ಲಿ ನಿಮ್ಮ ರೂಟರ್ ಲೈಟ್ ಕೂಡ ಹತ್ತಿರುವುದಿಲ್ಲ! ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಜೊತೆಗೆ ಸರ್ವಿಸ್ ಹೆಸರು ಕೊಟ್ಟು, ತೆರೆಯುವ ಫೈಲಿನ ‘[ಸರ್ವಿಸ್]’ ವಿಭಾಗದಲ್ಲಿ ‘ರೀಸ್ಟಾರ್ಟ್‌ಸೆಕ್=30’ (30 ಸೆಕೆಂಡ್ ಕಾಯಿ) ಸೇರಿಸಿ. ಆಗ ಆ ಮಿತಿಯೇ ತಟ್ಟುವುದಿಲ್ಲ, ನೆಟ್ ಬಂದ ಕೂಡಲೇ ಅಲ್ಲದಿದ್ದರೂ ಅರ್ಧ ನಿಮಿಷದಲ್ಲಿ ಮತ್ತೆ ಪ್ರಯತ್ನ ನಡೆಯುತ್ತದೆ. ಈಗಾಗಲೇ ಬಿದ್ದಿದ್ದಕ್ಕೆ ‘ಸಿಸ್ಟಮ್‌ಸಿಟಿಎಲ್ ರೀಸೆಟ್-ಫೇಲ್ಡ್’, ಆಮೇಲೆ ‘ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್’, ಎರಡಕ್ಕೂ ಸರ್ವಿಸ್ ಹೆಸರು ಸೇರಿಸಿ.

‘ಆ್ಯಕ್ಟಿವ್’ ಅಂತ ಹಸಿರು ಬಣ್ಣ ನೋಡಿ ನಂಬಬೇಡಿ. ‘ಸಿಸ್ಟಮ್‌ಸಿಟಿಎಲ್ ಶೋ -ಪಿ ಎನ್‌ರೀಸ್ಟಾರ್ಟ್ಸ್’ ಜೊತೆಗೆ ಸರ್ವಿಸ್ ಹೆಸರು ಕೊಟ್ಟಾಗ, ಎಷ್ಟು ಸಲ ತಾನೇ ಮತ್ತೆ ಶುರುವಾಗಿದೆ ಎಂಬ ಅಂಕಿ ಏರುತ್ತಲೇ ಇದ್ದರೆ ಅದು ಬಿದ್ದು ಎದ್ದು ಮಾಡುತ್ತಿದೆ ಎಂದರ್ಥ.

ಹಿಂದಿನ ಬೂಟ್‌ನ, ಅಂದರೆ ಕರೆಂಟ್ ಹೋಗುವ ಮುಂಚಿನ ಲಾಗ್ (ನಡೆದದ್ದರ ದಾಖಲೆ) ಬೇಕಾದರೆ ‘ಜರ್ನಲ್‌ಸಿಟಿಎಲ್ -ಬಿ -1’. ಏನೂ ಸಿಗದಿದ್ದರೆ ಲಾಗ್ ಡಿಸ್ಕಿಗೆ ಇಳಿಯುತ್ತಿಲ್ಲ; ಲಾಗ್ ಬರೆದಿಡುವ ಜರ್ನಲ್‌ಡಿಯ ಕಾನ್ಫಿಗ್ ಫೈಲಿನಲ್ಲಿ ‘ಸ್ಟೋರೇಜ್=ಪರ್ಸಿಸ್ಟೆಂಟ್’ ಮಾಡಿ, ಜರ್ನಲ್‌ಡಿ ರೀಸ್ಟಾರ್ಟ್ ಮಾಡಿ.