ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ಏಳ್ತಿಲ್ವಾ? ‘ಫಾರ್ಮ್ಯಾಟ್’ಗೆ ಒಪ್ಪುವ ಮುಂಚೆ ಇಷ್ಟು ಮಾಡಿ

ರಾತ್ರಿ ‘ಅಪ್‌ಡೇಟ್ ಅಂಡ್ ಶಟ್ ಡೌನ್’ ಒತ್ತಿ ಮಲಗಿರುತ್ತೀರಿ. ಬೆಳಗ್ಗೆ ನೋಡಿದರೆ ಕಪ್ಪು ಪರದೆ. ಇಲ್ಲವೇ ಲೋಗೊ ಕೆಳಗೆ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ಪರಿಚಯದ ಅಂಗಡಿಗೆ ಫೋನ್ ಮಾಡಿದರೆ ಎಷ್ಟೋ ಸಲ ಮೊದಲು ಬರುವ ಉತ್ತರ: ‘ಫಾರ್ಮ್ಯಾಟ್ ಹೊಡೀಬೇಕು ಸಾರ್’. ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು.

ದಯವಿಟ್ಟು ತಕ್ಷಣ ಹೂಂ ಅನ್ನಬೇಡಿ. ಅಪ್‌ಡೇಟ್ ಆದ ಮೇಲೆ ವಿಂಡೋಸ್ ಏಳದಿದ್ದರೆ ಸಾಮಾನ್ಯವಾಗಿ ಕೆಟ್ಟಿರುವುದು ಅದರ ಕೆಲವು ಫೈಲುಗಳು ಅಥವಾ ಒಂದು ಡ್ರೈವರ್ (ಪರದೆ, ಪ್ರಿಂಟರ್‌ನಂಥ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಅಷ್ಟೇ. ನಿಮ್ಮ ಫೋಟೊ, ಮಗಳ ಪ್ರಾಜೆಕ್ಟ್, ಅಂಗಡಿಯ ಲೆಕ್ಕ ಬಹುತೇಕ ಡಿಸ್ಕ್‌ನಲ್ಲಿ ಹಾಗೇ ಇರುತ್ತವೆ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಸಾಫ್ಟ್‌ವೇರ್‌ನ ಒಂದು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್‌ಗೆ ಪರದಾಟವಾಯಿತು. ಅಷ್ಟು ದೊಡ್ಡ ಗಲಾಟೆಗೆ ಮದ್ದು ಏನಾಗಿತ್ತು ಗೊತ್ತಾ? ಸೇಫ್ ಮೋಡ್‌ಗೆ (ತೀರಾ ಬೇಕಾದ ಡ್ರೈವರ್‌ಗಳಷ್ಟೇ ಇಟ್ಟುಕೊಂಡು ವಿಂಡೋಸ್ ಏಳುವ ಬಗೆ) ಹೋಗಿ ಒಂದು ಫೈಲ್ ಅಳಿಸುವುದು. ಫಾರ್ಮ್ಯಾಟ್ ಅಲ್ಲ.

ಹಾಗಾಗಿ ಡೇಟಾಗೆ ಕೈ ಹಚ್ಚದ ದಾರಿಗಳನ್ನು ಮೊದಲು ನೋಡೋಣ.

ಮೊದಲು ಕಾಯಿರಿ, ಆಮೇಲೆ ಕಳಚಿ

ಪರದೆಯ ಮೇಲೆ ಶೇಕಡಾ ಲೆಕ್ಕ ಕಾಣುತ್ತಿದ್ದರೆ, ಅದು ನಿಧಾನವಾಗಿಯಾದರೂ ಏರುತ್ತಿದ್ದರೆ ಮುಟ್ಟಬೇಡಿ. ಹಳೇ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್‌ನಲ್ಲಿ ಒಂದೆರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಡಿಸ್ಕ್‌ನ ಪುಟ್ಟ ದೀಪ ಮಿಣುಕುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಮೂರು ಗಂಟೆಯಾದರೂ ಅಂಕಿ ಅಲ್ಲಾಡಿಲ್ಲ, ದೀಪವೂ ಸುಮ್ಮನಿದೆ ಅಂದರೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ.

ಈಗ ಪೆನ್‌ಡ್ರೈವ್, ಪ್ರಿಂಟರ್, ಹೊರಗಿನ ಹಾರ್ಡ್ ಡಿಸ್ಕ್, ಡಿಜಿಟಲ್ ಸಹಿಯ ಡಾಂಗಲ್ ಎಲ್ಲ ತೆಗೆಯಿರಿ. ಕೀಬೋರ್ಡ್, ಮೌಸ್ ಸಾಕು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ಕಂಪನಿಯ ಲೋಗೊ ಕೂಡ ಬರುತ್ತಿಲ್ಲ, ಫ್ಯಾನ್ ಸದ್ದೂ ಇಲ್ಲ ಅಂದರೆ ವಿಂಡೋಸ್ ಅಪ್‌ಡೇಟ್‌ನ ತಪ್ಪು ಇರಲಾರದು. ಚಾರ್ಜರ್, ಎಸ್‌ಎಂಪಿಎಸ್ (ಡೆಸ್ಕ್‌ಟಾಪ್‌ಗೆ ಕರೆಂಟ್ ಕೊಡುವ ಡಬ್ಬ), ರ‍್ಯಾಮ್ ಕಡೆ ನೋಡಿ. ಲೋಗೊ ಬಂದು ಆಮೇಲೆ ಪರದೆ ಕಪ್ಪಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಇದು ಡಿಸ್‌ಪ್ಲೇ ಡ್ರೈವರನ್ನು ಮತ್ತೆ ಶುರು ಮಾಡುತ್ತದೆ. ಬೀಪ್ ಕೇಳಿಸಿ ಪರದೆ ಬಂದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು.

ನೀಲಿ ಮೆನುಗೆ ಹೋಗುವ ದಾರಿ

ವಿಂಡೋಸ್ ತಾನು ಏಳಲಾಗದಿದ್ದಾಗ ಬಳಸಲೆಂದೇ ಒಂದು ರಿಕವರಿ ಮೆನು ಇಟ್ಟುಕೊಂಡಿರುತ್ತದೆ. ಎಫ್8 ಒತ್ತುವ ಹಳೇ ಉಪಾಯ ಈಗಿನ ಬಹುತೇಕ ಕಂಪ್ಯೂಟರ್‌ಗಳಲ್ಲಿ ನಡೆಯುವುದಿಲ್ಲ. ಹೀಗೆ ಮಾಡಿ: ಆನ್ ಮಾಡಿ, ಚುಕ್ಕಿಗಳು ಸುತ್ತತೊಡಗಿದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಇನ್ನೊಮ್ಮೆ ಹಾಗೇ ಮಾಡಿ. ಮೂರನೇ ಸಲ ಆಫ್ ಮಾಡದೆ ಬಿಟ್ಟುಬಿಡಿ. ‘ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್’ ಅಂತ ಬಂದು, ಸ್ವಲ್ಪ ಹೊತ್ತಿಗೆ ನೀಲಿ ಪರದೆಯ ಮೆನು ತೆರೆಯುತ್ತದೆ. ಅದರಲ್ಲಿ ‘ಟ್ರಬಲ್‌ಶೂಟ್’, ಆಮೇಲೆ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒತ್ತಿ. ಹೆಚ್ಚಿನ ಕೆಲಸವೆಲ್ಲ ಇಲ್ಲೇ. ಆದರೆ ಅಪ್‌ಡೇಟ್‌ನ ಶೇಕಡಾ ಏರುತ್ತಿರುವಾಗ ಮಾತ್ರ ಹೀಗೆ ಆಫ್ ಮಾಡಬಾರದು.

ಮೆನು ಬಂತು, ಕೀಬೋರ್ಡ್ ಮೌಸ್ ಕೆಲಸ ಮಾಡ್ತಿಲ್ಲ ಅಂತೀರಾ? 2025ರ ಅಕ್ಟೋಬರ್‌ನ ವಿಂಡೋಸ್ 11 ಅಪ್‌ಡೇಟ್‌ನಲ್ಲಿ ಇದೇ ತೊಂದರೆ ಬಂದಿತ್ತು. ರಿಕವರಿ ಮೆನುವಿನಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ನಿಂತುಹೋಗಿದ್ದವು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ಸರಿಪಡಿಸಿತು. ಅಂಥ ಹೊತ್ತಿನಲ್ಲಿ ಬೇರೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ವಿಂಡೋಸ್ ಹಾಕಿಕೊಳ್ಳಿ. ಅದರಿಂದ ಸ್ಟಾರ್ಟ್ ಮಾಡಿ, ‘ಇನ್‌ಸ್ಟಾಲ್’ ಒತ್ತದೆ ‘ರಿಪೇರ್’ ಆರಿಸಿದರೆ ಬಹುತೇಕ ಅದೇ ಮೆನು ಸಿಗುತ್ತದೆ.

48 ಅಂಕಿ ಕೇಳಿದರೆ ಗಾಬರಿ ಬೇಡ

ಇದ್ದಕ್ಕಿದ್ದಂತೆ ‘ಬಿಟ್‌ಲಾಕರ್ ರಿಕವರಿ ಕೀ’ ಕೇಳಬಹುದು. ಅಂದರೆ ಡಿಸ್ಕ್‌ನ ಲಾಕ್ ತೆಗೆಯುವ 48 ಅಂಕಿಯ ಸಂಖ್ಯೆ. ನಾನೇನೂ ಲಾಕ್ ಹಾಕಿಲ್ಲವಲ್ಲ ಅಂತ ಅನ್ನಿಸುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್ ತಾನಾಗಿಯೇ ಲಾಕ್ ಆಗಿರಬಹುದು. ಒಳ್ಳೆಯದೆಂದರೆ, ಆಗ ಕೀ ಕೂಡ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಫೋನ್‌ನಲ್ಲಿ ಅದೇ ಖಾತೆಗೆ ಲಾಗಿನ್ ಆಗಿ, ‘ಡಿವೈಸಸ್’ ವಿಭಾಗದಲ್ಲಿ ರಿಕವರಿ ಕೀ ಹುಡುಕಿ. ಒಂದಕ್ಕಿಂತ ಜಾಸ್ತಿ ಕೀ ಇದ್ದರೆ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರ ಹೋಲಿಸಿ ನೋಡಿ. ಆರಾರು ಅಂಕಿಗಳ ಎಂಟು ಗುಂಪು. ಒಬ್ಬರು ಓದಿ ಹೇಳುತ್ತಿದ್ದರೆ ಇನ್ನೊಬ್ಬರು ಒತ್ತುವುದು ಸುಲಭ.

ಆಫೀಸ್ ಲ್ಯಾಪ್‌ಟಾಪ್ ಆದರೆ ಕೀ ಕಂಪನಿಯ ಐಟಿಯವರ ಹತ್ತಿರ ಇರುತ್ತದೆ. ಮನೆಯಿಂದ ಕೆಲಸ ಮಾಡುವವರು ಇಲ್ಲಿಗೇ ನಿಲ್ಲಿಸಿ ಅವರಿಗೆ ಫೋನ್ ಮಾಡುವುದು ಸರಿ.

ಅಪ್‌ಡೇಟ್ ವಾಪಸ್ ತೆಗೆಯುವುದು

‘ಸ್ಟಾರ್ಟ್‌ಅಪ್ ರಿಪೇರ್’ ಒಂದು ಸಲ ಓಡಿಸಿ ನೋಡಿ. ಸರಿ ಹೋಗದಿದ್ದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ಗೆ ಬನ್ನಿ. ಅಲ್ಲಿ ಎರಡು ಆಯ್ಕೆ. ‘ಕ್ವಾಲಿಟಿ ಅಪ್‌ಡೇಟ್’ ಅಂದರೆ ತಿಂಗಳು ತಿಂಗಳೂ ಬರುವಂಥದ್ದು. ಅಮೆರಿಕದ ಲೆಕ್ಕದಲ್ಲಿ ಎರಡನೇ ಮಂಗಳವಾರ ಬಿಡುಗಡೆ. ‘ಫೀಚರ್ ಅಪ್‌ಡೇಟ್’ ಅಂದರೆ ವಿಂಡೋಸ್‌ನ ಆವೃತ್ತಿಯೇ ಬದಲಾಗುವ ದೊಡ್ಡದು. ಮೊದಲು ಕ್ವಾಲಿಟಿ ತೆಗೆಯಿರಿ. ಅದರಿಂದ ಏಳದಿದ್ದರೆ ಮಾತ್ರ ಫೀಚರ್. ದೊಡ್ಡದನ್ನು ವಾಪಸ್ ತೆಗೆಯಲು ಸಾಮಾನ್ಯವಾಗಿ 10 ದಿನವಷ್ಟೇ ಅವಕಾಶ. ಹಾಗಾಗಿ ಕೆಟ್ಟ ಕಂಪ್ಯೂಟರನ್ನು ಮೂಲೆಗೆ ಸರಿಸಿ ‘ಮುಂದಿನ ತಿಂಗಳು ನೋಡೋಣ’ ಅನ್ನಬೇಡಿ.

ಇದೂ ಫಲಿಸದಿದ್ದರೆ ‘ಸಿಸ್ಟಮ್ ರಿಸ್ಟೋರ್’ನಲ್ಲಿ ಅಪ್‌ಡೇಟ್‌ಗೆ ಮುಂಚಿನ ತಾರೀಖು ಇದೆಯೇ ನೋಡಿ. ಅಥವಾ ‘ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್’, ‘ರೀಸ್ಟಾರ್ಟ್’ ಒತ್ತಿ, ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ಸರಿಯಾಗಿ ಎದ್ದರೆ ಅನುಮಾನ ಡ್ರೈವರ್ ಮೇಲೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ರೋಲ್ ಬ್ಯಾಕ್’ ಕೊಟ್ಟು ನೋಡಿ.

ಯಾವುದಕ್ಕೂ ಬಗ್ಗದಿದ್ದರೆ: ಮೊದಲು ಫೈಲ್ ಹೊರಗೆ

ಇದನ್ನು ಎಲ್ಲರೂ ತಿಳಿದಿರಬೇಕು. ವಿಂಡೋಸ್ ಏಳದಿದ್ದರೂ ಫೈಲ್ ತೆಗೆಯಬಹುದು. ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಅದೇ ನೀಲಿ ಮೆನುವಿನಲ್ಲಿ ‘ಕಮಾಂಡ್ ಪ್ರಾಂಪ್ಟ್’ ತೆರೆಯಿರಿ. ‘ನೋಟ್‌ಪ್ಯಾಡ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಖಾಲಿ ನೋಟ್‌ಪ್ಯಾಡ್ ಬರುತ್ತದೆ. ‘ಫೈಲ್’, ‘ಓಪನ್’ ಒತ್ತಿ, ಕೆಳಗಡೆ ‘ಆಲ್ ಫೈಲ್ಸ್’ ಆರಿಸಿ. ಈಗ ನಿಮ್ಮ ಎಲ್ಲ ಡ್ರೈವ್‌ಗಳೂ ಕಾಣುತ್ತವೆ. ಇಲ್ಲಿ ಸಿ ಡ್ರೈವ್ ಅಕ್ಷರ ಬದಲಾಗಿ ಡಿ ಅಂತಲೋ ಇ ಅಂತಲೋ ತೋರಿಸಬಹುದು, ಹೆದರಬೇಡಿ. ‘ಯೂಸರ್ಸ್’ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಹುಡುಕಿ, ರೈಟ್ ಕ್ಲಿಕ್ ಮಾಡಿ ‘ಕಾಪಿ’ ಕೊಟ್ಟು, ಹೊರಗಿನ ಡಿಸ್ಕ್‌ಗೆ ಹೋಗಿ ‘ಪೇಸ್ಟ್’ ಮಾಡಿ. ಎಷ್ಟು ಆಗಿದೆ ಅಂತ ಪರದೆ ಏನೂ ತೋರಿಸುವುದಿಲ್ಲ, ವಿಂಡೋ ಹೆಪ್ಪುಗಟ್ಟಿದ ಹಾಗೆ ಕಾಣುತ್ತದೆ. ಕಾಪಿ ನಡೆಯುತ್ತಿರುತ್ತದೆ, ಕಾಯಿರಿ. ಟ್ಯಾಲಿ ಬಳಸುವವರು ಅದರ ಡೇಟಾ ಫೋಲ್ಡರನ್ನು ಮರೆಯದೆ ಬೇರೆಯಾಗಿ ಕಾಪಿ ಮಾಡಿ. ಅದು ನಿಮ್ಮ ಹೆಸರಿನ ಫೋಲ್ಡರ್ ಹೊರಗೆ ಇರುವುದೇ ಜಾಸ್ತಿ.

ಇಷ್ಟಾದ ಮೇಲೆ ‘ಟ್ರಬಲ್‌ಶೂಟ್’ಗೆ ಹಿಂತಿರುಗಿ ‘ರಿಸೆಟ್ ದಿಸ್ ಪಿಸಿ’, ಅದರಲ್ಲಿ ‘ಕೀಪ್ ಮೈ ಫೈಲ್ಸ್’. ನೀವು ಹಾಕಿಕೊಂಡ ಪ್ರೋಗ್ರಾಮ್‌ಗಳೆಲ್ಲ ಹೋಗುತ್ತವೆ. ಟ್ಯಾಲಿ, ಪ್ರಿಂಟರ್ ಡ್ರೈವರ್, ನುಡಿ ಎಲ್ಲ ಮತ್ತೆ ಹಾಕಬೇಕು. ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಂಡರೆ ಫೈಲ್ ಕೆಟ್ಟಿಲ್ಲ; ಆ ಫಾಂಟ್ ಹಾಕಿದ ಕೂಡಲೇ ಕನ್ನಡ ವಾಪಸ್ ಬರುತ್ತದೆ.

ಇಷ್ಟೆಲ್ಲ ನನ್ನ ಕೈಲಾಗದು ಅಂದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೋ ನಿಮ್ಮ ಬಡಾವಣೆಯಲ್ಲೋ ನಂಬಿಕಸ್ಥ ಅಂಗಡಿಗೆ ಕೊಡಿ, ತಪ್ಪೇನಿಲ್ಲ. ಆದರೆ ‘ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬೇಡಿ’ ಅಂತ ರಸೀದಿಯ ಮೇಲೇ ಬರೆಸಿ. ಬಿಟ್‌ಲಾಕರ್ ಕೀ ಬೇಕಾದರೆ ಅಂಕಿಗಳನ್ನಷ್ಟೇ ಕೊಡಿ, ಖಾತೆಯ ಪಾಸ್‌ವರ್ಡ್ ಕೊಡಬೇಡಿ.

ಕಂಪ್ಯೂಟರ್ ಎದ್ದ ಕೂಡಲೇ ‘ಸೆಟ್ಟಿಂಗ್ಸ್’ನ ‘ವಿಂಡೋಸ್ ಅಪ್‌ಡೇಟ್’ಗೆ ಹೋಗಿ ಒಂದೆರಡು ವಾರ ‘ಪಾಜ್’ ಕೊಡಿ, ಅಂದರೆ ಅಪ್‌ಡೇಟ್ ತಡೆಹಿಡಿಯಿರಿ. ಇಲ್ಲದಿದ್ದರೆ ಅದೇ ಅಪ್‌ಡೇಟ್ ಮತ್ತೆ ಬಂದು ಕೂರಬಹುದು. ಪೂರ್ತಿ ಬಂದ್ ಮಾಡಬೇಡಿ, ವೈರಸ್ ತಡೆಯುವ ರಿಪೇರಿಗಳೂ ಅದರಲ್ಲೇ ಬರುತ್ತವೆ. ಮನೆಯಲ್ಲಿ ಡೆಸ್ಕ್‌ಟಾಪ್ ಇದ್ದು ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಅದನ್ನೂ ಬದಲಾಯಿಸಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೂ ಇದೇ ಪಾಡು, ಮಳೆ ಶುರುವಾದರೆ ನಮ್ಮ ಏರಿಯಾಗಳಲ್ಲಿ ಕರೆಂಟ್ ಕಥೆ ಗೊತ್ತೇ ಇದೆಯಲ್ಲ.