‘ವೊಂಗ್’ ಪದಕ್ಕೆ ಕನ್ನಡದ ಹೆಸರು ಹುಡುಕಿದ ಬಗೆ

ವಿಯೆಟ್ನಾಮಿ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ ಪದ ‘ವೊಂಗ್’. ಮೈಯೆಲ್ಲ ಮುಳ್ಳಿರುವ ಕೆಲವು ಮರಗಳಿಗೆ ಅಲ್ಲಿ ಈ ಹೆಸರಿದೆ. ಹಾಗೆಂದು ‘ಮುಳ್ಳುಮರ’ ಎಂದು ಬರೆದರೆ ನಮ್ಮ ಓದುಗರ ಕಣ್ಣ ಮುಂದೆ ಜಾಲಿ ಬಂದು ನಿಲ್ಲುತ್ತದೆ. ಮೇಲಾಗಿ ಮುಳ್ಳಿಗೆ ಆ ಭಾಷೆಯಲ್ಲಿ ‘ಗಾಯ್’ ಎಂಬ ಬೇರೆಯದೇ ಪದವಿದೆ.

ಮೊದಲು ಉಚ್ಚಾರಣೆಯನ್ನು ಗಟ್ಟಿ ಮಾಡಿಕೊಂಡೆ. ಈ ಪದವನ್ನು ಏರಿಳಿತವಿಲ್ಲದ ಸಮಸ್ವರದಲ್ಲಿ ನುಡಿಯಬೇಕು, ಕೊನೆಯ ಅನುನಾಸಿಕದಲ್ಲಿ ತುಟಿಗಳು ಮುಚ್ಚಿಕೊಳ್ಳಬೇಕು. ಸ್ವರವನ್ನು ಕೆಳಕ್ಕಿಳಿಸಿದರೆ ಅದು ಕಾಮನಬಿಲ್ಲಿನ ಹೆಸರಿನಲ್ಲಿ ಬರುವ ಬೇರೆ ಪದವಾಗುತ್ತದೆ. ದಕ್ಷಿಣದವರ ಮಾತಿನಲ್ಲಿ ಮೊದಲಕ್ಷರ ‘ಯ’ಕಾರದಂತೆ ಕೇಳಿಸುತ್ತದೆ.

ವಿಯೆಟ್ನಾಮಿಯಲ್ಲಿ ವಿಶೇಷಣವು ನಾಮಪದದ ನಂತರ ಬರುವುದರಿಂದ, ‘ವೊಂಗ್’ ಆದ ಮೇಲೆ ಏನಿದೆ ಎಂದು ನೋಡಿಯೇ ಅರ್ಥ ನಿಶ್ಚಯಿಸುತ್ತೇನೆ. ‘ವೊಂಗ್ ನೆಮ್’ ಎಂದರೆ ನಮ್ಮ ಹಾಲುವಾಣ: ಮಲೆನಾಡಿನಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ, ಕೆಂಪು ಹೂವಿನ ಮರ. ‘ನೆಮ್’ ಎಂಬುದು ಹುಳಿ ಬರಿಸಿದ ಹಂದಿಮಾಂಸದ ತಿನಿಸು. ಅದನ್ನು ಈ ಮರದ ಎಲೆಯಲ್ಲಿ ಸುತ್ತುವುದರಿಂದ ಮರಕ್ಕೂ ಆ ಹೆಸರು ಅಂಟಿಕೊಂಡಿದೆ. ನಿದ್ರೆ ಬಾರದವರು ಇದೇ ಎಲೆಯ ಕಷಾಯ ಕುಡಿಯುವುದುಂಟು. ‘ವೊಂಗ್ ದೊಂಗ್’ ಅಮೆರಿಕದ ಉಷ್ಣವಲಯದಿಂದ ಬಂದ, ಒಣಗಿದ ಕಾಯಿ ಸದ್ದು ಮಾಡಿ ಸಿಡಿಯುವ ಮರ. ಹಾಲುವಾಣ ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ್ದರೆ ಇದು ಹರಳಿನ ಕುಟುಂಬದ್ದು. ಇವೆರಡನ್ನು ಒಂದೇ ಹೆಸರಿನಡಿ ತಂದದ್ದು ಕಾಂಡದ ಮುಳ್ಳೇ ಇರಬೇಕೆಂದು ನನಗನ್ನಿಸುತ್ತದೆ. ಆದರೆ ‘ವೊಂಗ್ ವಾಂಗ್’ ಮರವೂ ಅಲ್ಲ, ಅದಕ್ಕೆ ಮುಳ್ಳೂ ಇಲ್ಲ. ಅದು ಕಸ್ತೂರಿ ಬೆಂಡೆ.

ಮುಂದೆ ಇನ್ನೊಂದು ಪದವಿಲ್ಲದೆ ‘ವೊಂಗ್’ ಒಂದೇ ಬಂದಾಗ ಸಂದರ್ಭವನ್ನು ಇನ್ನಷ್ಟು ಎಚ್ಚರದಿಂದ ಓದಬೇಕಾಗುತ್ತದೆ. ವಿಯೆಟ್ನಾಮಿನ ಸಾಂಪ್ರದಾಯಿಕ ಶವಯಾತ್ರೆಯಲ್ಲಿ ಮಗನು ಶೋಕದ ಊರುಗೋಲು ಹಿಡಿಯುತ್ತಾನೆ. ತಂದೆ ತೀರಿಕೊಂಡರೆ ಬಿದಿರಿನದು, ತಾಯಿ ತೀರಿಕೊಂಡರೆ ವೊಂಗ್ ಮರದ್ದು. ಇಲ್ಲಿ ‘ಮುಳ್ಳಿನ ಕೋಲು’ ಎಂದು ಬರೆದರೆ ಮಗನು ತನ್ನನ್ನು ದಂಡಿಸಿಕೊಳ್ಳುತ್ತಿದ್ದಾನೆ ಎಂಬ ಭಾವ ಬರುತ್ತದೆ, ಆ ಆಚರಣೆಯಲ್ಲಿ ಅಂಥದ್ದೇನೂ ಇಲ್ಲ. ಅಂಥ ಕಡೆಗಳಲ್ಲೆಲ್ಲ ನಾನು ‘ಹಾಲುವಾಣದ ಕೋಲು’ ಎಂದೇ ಬರೆಯುತ್ತೇನೆ.