ರಾಜ್ಯ ಬಜೆಟ್ಟಿನ ಸಂಪುಟಗಳನ್ನು ಓದುವ ಕ್ರಮ

ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಗಳ ತುಂಬ ಇರುವುದು ಹೊಸ ಘೋಷಣೆಗಳು. ತೆರಿಗೆ ಯಾರಿಂದ ಬರುತ್ತದೆ, ಯಾವುದಕ್ಕೆ ಹೋಗುತ್ತದೆ, ಕೊರತೆ ಬಿದ್ದದ್ದಕ್ಕೆ ಎಷ್ಟು ಸಾಲ ಎತ್ತಲಾಗುತ್ತದೆ ಎಂಬುದು ತಿಳಿಯಬೇಕಾದರೆ, ಸಂವಿಧಾನದ 202ನೇ ವಿಧಿಯಂತೆ ವಿಧಾನಮಂಡಲದ ಮುಂದಿಡುವ ವಾರ್ಷಿಕ ಹಣಕಾಸು ತಖ್ತೆಯನ್ನೂ ಅದರ ಜೊತೆಗಿನ ಸಂಪುಟಗಳನ್ನೂ ನಾವೇ ತೆರೆಯಬೇಕು. ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಇವು ಯಾರಿಗಾದರೂ ಸಿಗುತ್ತವೆ. ಕೂಡಿ ಕಳೆಯುವ ಲೆಕ್ಕ ಬಂದರೆ ಓದಲು ಸಾಕು. ಉದಾಹರಣೆಗೆ, ಸಿದ್ದರಾಮಯ್ಯನವರು 2025ರ ಮಾರ್ಚ್ 7ರಂದು ಮಂಡಿಸಿದ ಕರ್ನಾಟಕದ 2025-26ನೇ ಸಾಲಿನ ಬಜೆಟ್ಟನ್ನೇ ತೆಗೆದುಕೊಳ್ಳೋಣ.

ಅದರ ಗಾತ್ರ 4,09,549 ಕೋಟಿ ರೂಪಾಯಿ. ಎಲ್ಲರ ಬಾಯಲ್ಲಿರುವ ಈ ಸಂಖ್ಯೆಯಿಂದ ತಿಳಿಯುವುದು ಬಹಳ ಕಡಿಮೆ, ಏಕೆಂದರೆ ಹಳೆಯ ಸಾಲ ತೀರಿಸುವ ಹಣವೂ ಇದರಲ್ಲಿ ಸೇರಿದೆ. ಆದ್ದರಿಂದ ಮೊದಲು ಇದನ್ನು ಬಿಡಿಸಿ ಬರೆದುಕೊಳ್ಳಬೇಕು: ರಾಜಸ್ವ ವೆಚ್ಚ 3,11,739 ಕೋಟಿ, ಕಟ್ಟಡ, ರಸ್ತೆಯಂಥ ಆಸ್ತಿಗಳಿಗೆ ಮಾಡುವ ಬಂಡವಾಳ ವೆಚ್ಚ 71,336 ಕೋಟಿ, ಸಾಲದ ಅಸಲು ಮರುಪಾವತಿ 26,474 ಕೋಟಿ. ಎದುರಿಗೆ ರಾಜಸ್ವ ಜಮೆ 2,92,477 ಕೋಟಿ. ರಾಜಸ್ವ ವೆಚ್ಚದಿಂದ ಜಮೆಯನ್ನು ಕಳೆದರೆ ಉಳಿಯುವ 19,262 ಕೋಟಿಯೇ ರಾಜಸ್ವ ಕೊರತೆ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳಂಥ ಆಯಾ ವರ್ಷದ ಖರ್ಚಿಗೆ ಆಯಾ ವರ್ಷದ ಆದಾಯ ಸಾಲುತ್ತಿಲ್ಲ ಎಂದು ಇದರ ಅರ್ಥ. ನನ್ನ ಮಟ್ಟಿಗೆ ಬಜೆಟ್ಟಿನಲ್ಲಿ ಮೊದಲು ನೋಡಬೇಕಾದ ಸಂಖ್ಯೆ ಇದು.

ಕರ್ನಾಟಕದ 2002ರ ವಿತ್ತೀಯ ಹೊಣೆಗಾರಿಕೆ ಅಧಿನಿಯಮವು ವಿತ್ತೀಯ ಕೊರತೆ (ಅಸಲು ಮರುಪಾವತಿ ಬಿಟ್ಟು ಉಳಿದ ವೆಚ್ಚ, ಸಾಲವಲ್ಲದ ಜಮೆಯನ್ನು ಮೀರುವ ಮೊತ್ತ) ರಾಜ್ಯದ ಆಂತರಿಕ ಉತ್ಪನ್ನದ ಶೇ 3ನ್ನು, ಒಟ್ಟು ಹೊಣೆಗಾರಿಕೆ, ಅಂದರೆ ತೀರಿಸಬೇಕಾದ ಬಾಕಿ, ಶೇ 25ನ್ನು ಮೀರಬಾರದು, ರಾಜಸ್ವ ಕೊರತೆ ಇರಬಾರದು ಎಂದು ಬಯಸುತ್ತದೆ. ಈ ಬಜೆಟ್ಟಿನಲ್ಲಿ ವಿತ್ತೀಯ ಕೊರತೆ 90,428 ಕೋಟಿ, ಅಂದರೆ ಶೇ 2.95, ಹೊಣೆಗಾರಿಕೆ ಶೇ 24.91. ಎರಡು ಮಿತಿಗಳು ಕೂದಲೆಳೆಯಲ್ಲಿ ಉಳಿದಿವೆ, ಮೂರನೆಯದು ಉಳಿದಿಲ್ಲ. ಎತ್ತಲು ಉದ್ದೇಶಿಸಿದ 1,16,000 ಕೋಟಿ ಸಾಲದಲ್ಲಿ ಅಸಲಿನ ಕಂತು ಕಳೆದರೆ ಉಳಿಯುವುದು 89,526 ಕೋಟಿ. ಅದರಲ್ಲಿ ಐದನೆಯ ಒಂದಕ್ಕಿಂತ ಹೆಚ್ಚು ಪಾಲು, ಅಂದರೆ ರಾಜಸ್ವ ಕೊರತೆಯಷ್ಟು, ದಿನನಿತ್ಯದ ಖರ್ಚಿಗೇ ಹೋಗುತ್ತದೆ. ಸಾಲದಿಂದ ಕಾಲುವೆಯೋ ಸೇತುವೆಯೋ ಆದರೆ ಅದನ್ನು ತೀರಿಸುವ ಮುಂದಿನ ಪೀಳಿಗೆಗೂ ಅದರ ಉಪಯೋಗವಿರುತ್ತದೆ. ಈ ವರ್ಷದ ಖರ್ಚಿಗೆ ಎತ್ತಿದ ಸಾಲದ ವಿಷಯದಲ್ಲಿ ಹಾಗೆ ಹೇಳಲಾಗದು.

ಮುಂದೆ ಆದಾಯದ ಕಡೆಗೆ ಬನ್ನಿ. ರಾಜ್ಯದ ಸ್ವಂತ ತೆರಿಗೆಯ ಅಂದಾಜು 2,08,100 ಕೋಟಿ. ಇದರಲ್ಲಿ ವಾಣಿಜ್ಯ ತೆರಿಗೆ (ಜಿಎಸ್‌ಟಿ, ಮಾರಾಟ ತೆರಿಗೆ ಮುಂತಾದವು) 1,20,000 ಕೋಟಿ, ಅಬಕಾರಿ 40,000 ಕೋಟಿ, ಮುದ್ರಾಂಕ ಮತ್ತು ನೋಂದಣಿ 28,000 ಕೋಟಿ, ಮೋಟಾರು ವಾಹನ ತೆರಿಗೆ 15,000 ಕೋಟಿ. ತೆರಿಗೆಯಲ್ಲಿ ಸಮಾನತೆ, ನಿಶ್ಚಿತತೆ, ಅನುಕೂಲ, ಮಿತವ್ಯಯ ಇರಬೇಕೆಂದು 1776ರಲ್ಲಿ ಆಡಂ ಸ್ಮಿತ್ ಹೇಳಿದ್ದು ಇಂದಿಗೂ ಒಳ್ಳೆಯ ಒರೆಗಲ್ಲು. ಪ್ರತಿ ತೆರಿಗೆಯ ಎದುರಿಗೂ ಈ ನಾಲ್ಕು ಪ್ರಶ್ನೆಗಳನ್ನು ಇಟ್ಟು ನೋಡಿ. ಅಬಕಾರಿ ಸುಂಕ ಬೆಲೆಯಲ್ಲೇ ಸೇರಿರುವುದರಿಂದ ಕಟ್ಟುವುದು ಸುಲಭ, ವಸೂಲಿಯ ಖರ್ಚೂ ಕಡಿಮೆ, ಎಷ್ಟು ಕಟ್ಟಬೇಕೆಂಬುದೂ ನಿಶ್ಚಿತ. ಮೂರರಲ್ಲಿ ಅದು ತೇರ್ಗಡೆಯಾಗುತ್ತದೆ. ಆದರೆ ದಿನಗೂಲಿಯ ದೊಡ್ಡ ಪಾಲನ್ನು ಮದ್ಯಕ್ಕೆ ಸುರಿಯುವ ಮನೆಯ ಮೇಲೆಯೇ ಅದರ ಭಾರ ಹೆಚ್ಚು ಬೀಳುತ್ತದೆ, ಹಾಗಾಗಿ ಸಮಾನತೆಯಲ್ಲಿ ಸೋಲುತ್ತದೆ. ಸ್ವಂತ ತೆರಿಗೆಯ ಸುಮಾರು ಐದನೆಯ ಒಂದು ಭಾಗ ಇಲ್ಲಿಂದ ಬರುತ್ತಿರುವಾಗ ಮದ್ಯಪಾನ ಕಡಿಮೆಯಾಗಲಿ ಎಂದು ಸರ್ಕಾರ ಮನಸಾರೆ ಬಯಸುವುದು ಕಷ್ಟ; ಇದು ನನ್ನನ್ನು ನಿಜಕ್ಕೂ ಕಳವಳಗೊಳಿಸುವ ಸಂಗತಿ. ಜಿಎಸ್‌ಟಿಯೂ ಹಾಗೆಯೇ: ಒಂದೇ ವಸ್ತುವಿಗೆ ಕೂಲಿಕಾರರೂ ಉದ್ಯಮಿಯೂ ಕೊಡುವ ತೆರಿಗೆ ಒಂದೇ. ಗಳಿಕೆಗೆ ತಕ್ಕಂತೆ ಏರುವ ಆದಾಯ ತೆರಿಗೆ ಕೇಂದ್ರದ ಕೈಯಲ್ಲಿದೆ.

ಕೇಂದ್ರದ ತೆರಿಗೆಯಲ್ಲಿ ರಾಜ್ಯಕ್ಕೆ ಬರುವ ಪಾಲನ್ನು 280ನೇ ವಿಧಿಯಡಿ ರಚನೆಯಾಗುವ ಹಣಕಾಸು ಆಯೋಗ ಶಿಫಾರಸು ಮಾಡುತ್ತದೆ. 14ನೇ ಆಯೋಗದಲ್ಲಿ ಶೇ 4.713ರಷ್ಟಿದ್ದ ಕರ್ನಾಟಕದ ಪಾಲು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಸೆಸ್ ಮತ್ತು ಸರ್ಚಾರ್ಜ್ ಎಂಬ ಹೆಚ್ಚುವರಿ ತೆರಿಗೆಗಳ ಹೆಸರಿನಲ್ಲಿ ಕೇಂದ್ರ ಸಂಗ್ರಹಿಸುವ ಹಣ ಈ ಹಂಚಿಕೆಗೆ ಬರುವುದೇ ಇಲ್ಲ ಎಂಬುದನ್ನೂ ನೆನಪಿಡಿ.

ವೆಚ್ಚದ ಸಂಪುಟಗಳಲ್ಲಿ ದಾರಿ ತೋರುವುದು ನಾಲ್ಕಂಕಿಯ ಲೆಕ್ಕಶೀರ್ಷಿಕೆ. ಅದರ ಮೊದಲ ಅಂಕಿ 0 ಅಥವಾ 1 ಆಗಿದ್ದರೆ ರಾಜಸ್ವ ಜಮೆ, 2 ಅಥವಾ 3 ಆಗಿದ್ದರೆ ರಾಜಸ್ವ ವೆಚ್ಚ, 4 ಅಥವಾ 5 ಆಗಿದ್ದರೆ ಬಂಡವಾಳ ವೆಚ್ಚ. 0039 ಎಂದರೆ ಅಬಕಾರಿ ಆದಾಯ. 2202ರಲ್ಲಿ ಶಿಕ್ಷಕರ ಸಂಬಳ ಸಿಗುತ್ತದೆ, 4202ರಲ್ಲಿ ಶಾಲಾ ಕಟ್ಟಡ. 3054 ರಸ್ತೆ ನಿರ್ವಹಣೆ, 5054 ಹೊಸ ರಸ್ತೆ. ರಾಜಸ್ವ ವೆಚ್ಚವೆಲ್ಲ ವ್ಯರ್ಥ ಎಂಬ ಮಾತು ಎಷ್ಟು ತಪ್ಪೆಂದು ಈ ಜೋಡಿಗಳಿಂದಲೇ ತಿಳಿಯುತ್ತದೆ: ಶಿಕ್ಷಕರಿಲ್ಲದ ಕಟ್ಟಡದಲ್ಲಿ ಮಕ್ಕಳು ಕಲಿಯುವುದಿಲ್ಲ. ಗ್ಯಾರಂಟಿ ಯೋಜನೆಗಳಿಗೆ ಇಟ್ಟ 51,034 ಕೋಟಿಯನ್ನು ತೂಗುವಾಗಲೂ ಆದಾಯದ ಪುಟವನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಆ ಹಣ ಪಡೆಯುವ ಗೃಹಿಣಿ ಸೋಪು, ಚಪ್ಪಲಿ, ಮೊಬೈಲ್ ಕರೆನ್ಸಿಗಳ ಮೇಲೆ ತೆರಿಗೆ ಕಟ್ಟುತ್ತಲೇ ಇದ್ದಾಳೆ. ಕೇಳಬೇಕಾದದ್ದು, ಆ ಮೊತ್ತಕ್ಕಾಗಿ ಯಾವ ಶೀರ್ಷಿಕೆಯ ಹಣ ಕಡಿತವಾಯಿತು, ಎಷ್ಟನ್ನು ಸಾಲದಿಂದ ತುಂಬಲಾಯಿತು ಎಂಬುದನ್ನು.

ಕೊನೆಯದಾಗಿ ಅಂಕಣಗಳ ವಿಷಯ. 2025-26ರ ಸಂಪುಟದಲ್ಲಿ 2023-24ರ ಲೆಕ್ಕ, 2024-25ರ ಬಜೆಟ್ ಅಂದಾಜು ಹಾಗೂ ಪರಿಷ್ಕೃತ ಅಂದಾಜು, 2025-26ರ ಬಜೆಟ್ ಅಂದಾಜು ಒಂದರ ಪಕ್ಕ ಒಂದಿರುತ್ತವೆ. ಇವುಗಳಲ್ಲಿ ನಿಜವಾಗಿ ಖರ್ಚಾದದ್ದು ‘ಲೆಕ್ಕ’ ಎಂಬ ಅಂಕಣ ಮಾತ್ರ. ನಿಮಗೆ ಮುಖ್ಯವೆನಿಸಿದ ಒಂದು ಶೀರ್ಷಿಕೆಯನ್ನು ಆರಿಸಿ, ಎರಡು ವರ್ಷ ಹಿಂದಿನ ಬಜೆಟ್ಟಿನಲ್ಲಿ ಅದಕ್ಕೆ ಎಷ್ಟು ಹೇಳಿದ್ದರು, ಈಗ ಲೆಕ್ಕದಲ್ಲಿ ಎಷ್ಟು ಕಾಣುತ್ತದೆ ಎಂದು ಹೋಲಿಸಿ. ವರ್ಷದ ನಡುವೆ ಬರುವ ಪೂರಕ ಅಂದಾಜುಗಳನ್ನೂ ಸೇರಿಸಿಕೊಳ್ಳಿ. ಸದನ ಒಪ್ಪಿದ ಹಣ ಎಲ್ಲಿ ಖರ್ಚಾಗದೆ ಉಳಿಯಿತು, ಎಲ್ಲಿ ಮಿತಿ ಮೀರಿತು ಎಂಬುದು ಸರ್ಕಾರದ ಲೆಕ್ಕ ಪರಿಶೋಧಿಸುವ ಸಂವಿಧಾನಿಕ ಅಧಿಕಾರಿಯಾದ ಸಿಎಜಿ ಪ್ರಕಟಿಸುವ ಧನವಿನಿಯೋಗ ಲೆಕ್ಕಗಳಲ್ಲಿ, ಸದನದ ಮುಂದಿಟ್ಟ ಪ್ರತಿ ಅನುದಾನ ಬೇಡಿಕೆಗೂ ಪ್ರತ್ಯೇಕವಾಗಿ ದಾಖಲಾಗಿರುತ್ತದೆ.